ಎಲೆ ಹಾಕುವ ಹೊತ್ತು

ಹೊಳೆ ದಂಡೆಯ ಆ ಆಶ್ರಮದಲ್ಲಿ ಪೂಜೆಯ ಕೋಣೆಗಿಂತ ಊಟದ ಕೋಣೆ ದೊಡ್ಡದು.

ಅಲ್ಲಿದ್ದವರು ಜಪತಪಕ್ಕೆ ಬಂದವರಲ್ಲ, ದಾರಿ ತಪ್ಪಿ ಬಂದವರು. ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಸೇತುವೆಯ ಕೆಳಗೆ ಸಿಕ್ಕವರು. ಊರು ಕೇಳಿದರೆ ಹೇಳಲು ಬಾರದವರು, ಹೆಸರು ಕೇಳಿದರೆ ನಕ್ಕು ಸುಮ್ಮನಾಗುವವರು. ಒಟ್ಟು ನಲವತ್ತೆರಡು ಜನ.

ಅವರನ್ನು ನೋಡಿಕೊಳ್ಳುತ್ತಿದ್ದವರು ನಿರ್ವಾಣಯ್ಯನವರು. ವಯಸ್ಸು ಎಪ್ಪತ್ತು ದಾಟಿತ್ತು. ಅವರ ಶಿಷ್ಯರೆಂದು ಹೇಳಿಕೊಳ್ಳುವವರು ಹಿಂದೆ ಹತ್ತಾರು ಮಂದಿ ಇದ್ದರು. ಉಪದೇಶ ಸಿಗುತ್ತದೆಂದು ಬಂದವರು, ಕೈಗೆ ಪೊರಕೆ ಸಿಕ್ಕಿದ ಮೇಲೆ ಒಬ್ಬೊಬ್ಬರಾಗಿ ಕಾಲು ಕಿತ್ತರು. ಉಳಿದವನು ಶಂಭುಲಿಂಗ ಒಬ್ಬನೇ.

ಕಳೆದುಹೋದವರನ್ನು ಹುಡುಕಿಕೊಂಡು ಅವರ ಮನೆಯವರು ಬರುತ್ತಿದ್ದರು. ಕೈಯಲ್ಲೊಂದು ಫೋಟೊ ಇರುತ್ತಿತ್ತು. ನಿರ್ವಾಣಯ್ಯನವರು ಕನ್ನಡಕ ಏರಿಸಿಕೊಂಡು ಅದನ್ನು ನೋಡುತ್ತಿದ್ದರು. ಎಂದೋ ಒಮ್ಮೆ, "ಬನ್ನಿ, ಒಳಗಿದ್ದಾರೆ" ಎನ್ನುತ್ತಿದ್ದರು. ಉಳಿದಷ್ಟೂ ಸಲ ಒಂದೇ ಮಾತು.

"ಇಲ್ಲಿಲ್ಲ ತಾಯಿ."

ಆ ಮಾತು ಕೇಳಿದವರು ಫೋಟೊವನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟುಬಿಡುತ್ತಿದ್ದರು. ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. ಆ ಹೊತ್ತು ನಿರ್ವಾಣಯ್ಯನವರೂ ಊಟಕ್ಕೆ ಕೂರುತ್ತಿರಲಿಲ್ಲ.

ಯಾಕೆಂದು ಅವರು ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಅಡುಗೆಯ ದೇವೀರಮ್ಮ ಮಾತ್ರ ತಟ್ಟೆ ಮುಚ್ಚಿಡುತ್ತ ಗೊಣಗುತ್ತಿದ್ದಳು.

"ಇವ್ರು ಹಿಂಗೇ ಮಾಡ್ತಿದ್ರೆ ಒಂದಿನ ಗಾಳಿಗೆ ಹಾರೋಗ್ತಾರೆ ನೋಡು."

ಆಶ್ರಮಕ್ಕೆ ಇದ್ದ ಕಟ್ಟುಪಾಡು ಒಂದೇ. ಒಳಗಿನಿಂದ ದೇವೀರಮ್ಮ "ಬಸಿದಾಯ್ತು" ಎಂದು ಕೂಗುವ ತನಕ ಊಟದ ಕೋಣೆಯಲ್ಲಿ ಎಲೆ ಹಾಕಕೂಡದು. ಅನ್ನ ಬಸಿದ ಮೇಲೆಯೇ ಎಲೆ.

ಶಂಭುಲಿಂಗ ಬಂದ ಹೊಸತರಲ್ಲಿ ಇದನ್ನು ಮುರಿದಿದ್ದ. ಜನ ಬಾಗಿಲಲ್ಲಿ ಗುಂಪುಗಟ್ಟಿ ಗಲಾಟೆ ಮಾಡುತ್ತಿದ್ದಾರೆಂದು ಅರ್ಧ ಗಂಟೆ ಮೊದಲೇ ಎಲೆ ಹಾಸಿ, ನೀರು ಚಿಮುಕಿಸಿ, ಉಪ್ಪು ಬಡಿಸಿಬಿಟ್ಟ. ಗಲಾಟೆ ನಿಂತಿತು. ಎಲ್ಲರೂ ಕೂತರು. ಅನ್ನ ಬರುವ ಹೊತ್ತಿಗೆ ಒಬ್ಬ ಅಜ್ಜ ಉಪ್ಪನ್ನೆಲ್ಲ ನೆಕ್ಕಿ ಮುಗಿಸಿ, ಎಲೆಯ ಅಂಚನ್ನು ಹರಿದು ಅಗಿಯುತ್ತಿದ್ದ. ಆ ದಿನ ಗುರುಗಳು ಶಿಷ್ಯನನ್ನು ಬೈಯಲಿಲ್ಲ. ಅಜ್ಜನ ಬಾಯಿಯಿಂದ ಎಲೆಯ ಚೂರು ತೆಗೆದು, ಬಾಯಿ ತೊಳೆಸಿದರು.

ಇದಾಗಿ ಮೂರು ವರ್ಷವಾಗಿತ್ತು.

ಶಂಭುಲಿಂಗ ಆಶ್ರಮಕ್ಕೆ ಬರುವ ಮೊದಲು ಕಂಪ್ಯೂಟರ್ ಪರದೆಗಳ ಕೆಲಸ ಮಾಡುತ್ತಿದ್ದವನು. ಜನ ಗುಂಡಿ ಒತ್ತಿದ ಮೇಲೆ ಮಾಹಿತಿ ಬರಲು ಒಂದೆರಡು ಕ್ಷಣ ಹಿಡಿಯುತ್ತದಲ್ಲ, ಆ ಕ್ಷಣಗಳಲ್ಲಿ ಪರದೆಯ ಮೇಲೆ ಏನು ಕಾಣಬೇಕು ಎನ್ನುವುದೇ ಅವನ ಕಸುಬು. ಕೇಳಿದವರು ನಗುತ್ತಿದ್ದರು. ಅದೂ ಒಂದು ಕೆಲಸವೇ ಎಂದು ಅವನಿಗೂ ಎಷ್ಟೋ ಸಲ ಅನ್ನಿಸಿದ್ದುಂಟು.

ಗುರುಗಳು ಸೊರಗುವುದನ್ನು ಅವನು ದಿನವೂ ನೋಡುತ್ತಿದ್ದ. ಅವರ ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದರು. ಒಂದು ವಾರ ನಾಲ್ಕು ಹೊತ್ತು ಊಟ ತಪ್ಪಿತು. ಶಂಭುಲಿಂಗ ಬಹಳ ದಿನ ಮುಟ್ಟದಿದ್ದ ಕಂಪ್ಯೂಟರಿನ ಮುಂದೆ ಕೂತ.

ಹದಿನೈದು ದಿನಕ್ಕೆ ಆಶ್ರಮದ ಆಪ್ ಸಿದ್ಧವಾಯಿತು.

"ಇನ್ನು ಜನ ಇಷ್ಟು ದೂರ ಬರಬೇಕಾಗಿಲ್ಲ ಬುದ್ಧಿ" ಎಂದು ಗುರುಗಳಿಗೆ ತೋರಿಸಿದ. "ಕಳೆದುಹೋದವರ ಫೋಟೊ, ವಯಸ್ಸು, ಮೈಮೇಲಿನ ಗುರುತು, ತಮ್ಮ ಫೋನ್ ನಂಬರು ಹಾಕಿ 'ಹುಡುಕು' ಅಂತ ಒತ್ತಿದ್ರೆ ಸಾಕು. ನಮ್ಮಲ್ಲಿದ್ರೆ ಅವರ ಮುಖ ಬರುತ್ತೆ."

ನಿರ್ವಾಣಯ್ಯನವರು ಬಗ್ಗಿ ನೋಡಿದರು. ಪರದೆಯ ಮೇಲೆ ಬೂದು ಬಣ್ಣದ ಒಂದು ದುಂಡು. ಅದರ ಕೆಳಗೆ ಬೂದು ಬಣ್ಣದ ಎರಡು ಪಟ್ಟಿ. ಎಡದಿಂದ ಬಲಕ್ಕೆ ಒಂದು ಬೆಳಕು ಅವುಗಳ ಮೇಲೆ ಹಾದುಹೋಗುತ್ತಿತ್ತು. ನೀರು ಚಿಮುಕಿಸಿದ ಎಲೆ ಮಿಂಚುವ ಹಾಗೆ.

"ಇದ್ಯಾರು?"

"ಯಾರೂ ಅಲ್ಲ ಬುದ್ಧಿ. ಬರೋವರ ಜಾಗ. ದುಂಡಗಿರೋದು ಮುಖಕ್ಕೆ, ಪಟ್ಟಿ ಹೆಸರಿಗೆ, ಊರಿಗೆ. ಖಾಲಿ ಪರದೆ ಕಂಡ್ರೆ ಜನ ಗಾಬರಿ ಆಗ್ತಾರೆ. ಇದು ಕಂಡ್ರೆ, ಬರ್ತಾ ಇದೆ ಅಂತ ಸಮಾಧಾನವಾಗಿ ಕಾಯ್ತಾರೆ."

"ಬರದೇ ಹೋದರೆ?"

"ಇಲ್ಲಿಲ್ಲ ಅಂತ ಬರುತ್ತೆ."

ಗುರುಗಳು ತಲೆಯಾಡಿಸಿ ಹಸುವಿಗೆ ಹುಲ್ಲು ಹಾಕಲು ಹೋದರು.

ಶಂಭುಲಿಂಗ ಸುಳ್ಳು ಹೇಳಿರಲಿಲ್ಲ. ಆ ಮಾತನ್ನು ಬರೆಯುವುದಷ್ಟೇ ಬಾಕಿ ಇತ್ತು.

ಬರೆಯಲು ಕೂತ. "ಇಲ್ಲಿಲ್ಲ" ಎಂದು ಬರೆದು ನೋಡಿದ. ಕಪಾಳಕ್ಕೆ ಹೊಡೆದ ಹಾಗಿತ್ತು. "ಕ್ಷಮಿಸಿ, ಇಲ್ಲಿಲ್ಲ" ಎಂದು ಮಾಡಿದ. ಹೊಡೆದು ಕೈಮುಗಿದ ಹಾಗಾಯಿತು. "ಸದ್ಯಕ್ಕೆ ಇಲ್ಲಿಲ್ಲ" ಎಂದ. ಅದಂತೂ ಇನ್ನೂ ಕೆಟ್ಟದಾಗಿತ್ತು. ಮಧ್ಯಾಹ್ನವೆಲ್ಲ ಬರೆದ, ಅಳಿಸಿದ. ಎಲ್ಲೋ ಒಂದು ಮನೆಯಲ್ಲಿ ಯಾರೋ ಒಬ್ಬ ತಾಯಿ ಒಬ್ಬಳೇ ಕೂತು ಇದನ್ನು ಓದುತ್ತಾಳೆ ಎಂದು ನೆನೆದರೆ ಬೆರಳು ಏಳುತ್ತಿರಲಿಲ್ಲ.

ಕೊನೆಗೆ ಅವನು ಏನನ್ನೂ ಬರೆಯಲಿಲ್ಲ. ಬೂದು ಮುಖ ಮಿನುಗುತ್ತಲೇ ಇರಲಿ ಎಂದು ಬಿಟ್ಟ. ಬೇಸರವಾದರೆ ಅವರೇ ಮುಚ್ಚಿಕೊಳ್ಳುತ್ತಾರೆ, ಪೆಟ್ಟಂತೂ ಬೀಳುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಸುಸ್ತಾದ ಮನುಷ್ಯನಿಗೆ ಇಂಥ ಮಾತು ಬಹಳ ಬೇಗ ಒಪ್ಪಿಗೆಯಾಗುತ್ತದೆ.

ಫೋಟೊ ಹಿಡಿದು ಬರುವವರು ಕಡಿಮೆಯಾದರು. ಎರಡು ತಿಂಗಳು ನಿರ್ವಾಣಯ್ಯನವರ ಊಟ ಒಂದು ಹೊತ್ತೂ ತಪ್ಪಲಿಲ್ಲ. ಅವರ ಕೆನ್ನೆ ಸ್ವಲ್ಪ ತುಂಬಿಕೊಂಡಿತು. ದೇವೀರಮ್ಮ ಶಂಭುಲಿಂಗನ ಅನ್ನಕ್ಕೆ ಕೇಳದೆಯೇ ತುಪ್ಪ ಹಾಕಿದಳು.

"ಯಾರೂ ಬರ್ತಾನೇ ಇಲ್ಲವಲ್ಲ ಶಂಭು?" ಎಂದರು ಗುರುಗಳು ಒಂದು ದಿನ.

"ಮನೇಲೇ ಗೊತ್ತಾಗುತ್ತಲ್ಲ ಬುದ್ಧಿ."

ಹೇಳುವಾಗ ಅವನು ಗುರುಗಳ ಮುಖ ನೋಡಲಿಲ್ಲ.

ಒಂದು ಬೆಳಿಗ್ಗೆ ಹತ್ತೂವರೆಯ ಬಸ್ಸಿಗೆ ಒಬ್ಬ ಹೆಂಗಸು ಬಂದಳು. ಐವತ್ತರ ಹತ್ತಿರದ ವಯಸ್ಸು. ಹೆಸರು ಹನುಮಕ್ಕ ಎಂದಳು. ಬಂದವಳು ಯಾರನ್ನೂ ಏನೂ ಕೇಳಲಿಲ್ಲ. ಜಗಲಿಯ ಮೂಲೆಯಲ್ಲಿ ಕೂತು, ಮೊಬೈಲನ್ನು ಎರಡು ಕೈಯಲ್ಲಿ ಹಿಡಿದು ನೋಡುತ್ತಿದ್ದಳು.

ನಿರ್ವಾಣಯ್ಯನವರು ಹತ್ತಿರ ಹೋದರು. ಶಂಭುಲಿಂಗ ಅಂಗಳ ಗುಡಿಸುತ್ತಿದ್ದವನು ಅಲ್ಲೇ ನಿಂತ.

"ಯಾರು ಬೇಕಾಗಿತ್ತು ತಾಯಿ?"

"ನನ್ ತಮ್ಮ ಬುದ್ಧಿ. ತಿಪ್ಪೇಶ ಅಂತ. ತಲೆ ವಸಿ ಸರಿ ಇರ್ಲಿಲ್ಲ. ಮನೆ ಬಿಟ್ಟು ಏಳು ತಿಂಗ್ಳಾತು." ಅವಳು ನಕ್ಕಳು. "ಈಗ ಬತ್ತಾ ಅವ್ನೆ."

"ಎಲ್ಲಿಂದ?"

ಅವಳು ಮೊಬೈಲನ್ನು ಮೇಲೆತ್ತಿ ತೋರಿಸಿದಳು. ಬೂದು ಮುಖ ಮಿನುಗುತ್ತಿತ್ತು.

"ಮೂರ್ ದಿನದಿಂದ ಬತ್ತಾನೇ ಅವ್ನೆ. ಮುಖದ ಜಾಗ ಬಂದೈತೆ, ಮುಖ ಬರ್ಬೇಕು, ಅಷ್ಟೇಯ. ನಮ್ಮೂರಲ್ಲಿ ಸಿಗ್ನಲ್ ಸರಿಯಾಗಿ ಸಿಗಾಕಿಲ್ಲ. ಹತ್ರ ಹೋದ್ರೆ ಬಿರ್ನೆ ಬತ್ತಾನೇನೋ ಅಂತ ಬಸ್ ಹತ್ತಿ ಬಂದೆ."

ಶಂಭುಲಿಂಗ ಪೊರಕೆ ಕೆಳಗಿಟ್ಟ.

"ಬೇರೆ ಎಲ್ಲೂ ಹುಡುಕಿಲ್ವಾ?" ಎಂದರು ಗುರುಗಳು.

"ಘಾಟಿ ಕೆಳಗೆ ಇನ್ನೊಂದು ಆಶ್ರಮ ಐತಂತೆ. ಅಂಥೋನೊಬ್ಬನ್ನ ಅಲ್ಲಿ ನೋಡ್ದೆ ಅಂತ ಲಾರಿಯೋನೊಬ್ಬ ಅಂದ. ಹೊಂಟಿದ್ದೆ. ಅಷ್ಟ್ರಲ್ಲಿ ಇಲ್ಲಿ ಬರಾಕೆ ಸುರುವಾತಲ್ಲ, ಬಿಟ್ಟು ಎದ್ದೋಗೋದೆಂಗೆ? ಕುಂತೆ."

ನಿರ್ವಾಣಯ್ಯನವರು ಫೋಟೊ ಕೇಳಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಫೋಟೊ ನೋಡುವುದು ಬಿಟ್ಟು ಶಂಭುಲಿಂಗನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಬರೀ ಸುಸ್ತು ಇತ್ತು. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎಂದುಕೊಂಡ ಶಂಭುಲಿಂಗ.

"ಕೂತಿರಿ ತಾಯಿ" ಎಂದು ಅವಳಿಗೆ ಹೇಳಿ, ಶಿಷ್ಯನತ್ತ ತಿರುಗಿದರು. "ಶಂಭು, ಕೈ ತೊಳ್ಕೊಂಡು ಊಟಕ್ಕೆ ಬಾ."

"ಈಗಲೇ? ಇನ್ನೂ ಹನ್ನೊಂದು ಗಂಟೆ ಬುದ್ಧಿ."

"ಬಾ."

ಊಟದ ಕೋಣೆ ಖಾಲಿಯಿತ್ತು. ನಿರ್ವಾಣಯ್ಯನವರು ತಾವೇ ಒಂದು ಬಾಳೆ ಎಲೆ ತಂದು ಶಂಭುಲಿಂಗನ ಮುಂದೆ ಹಾಸಿದರು. ನೀರು ಚಿಮುಕಿಸಿದರು. ಎಲೆಯ ತುದಿಗೆ ಒಂದು ಚಿಟಿಕೆ ಉಪ್ಪು ಬಡಿಸಿದರು. ಕಂಬಕ್ಕೆ ಒರಗಿ ಎದುರಿಗೆ ಕೂತರು.

ಶಂಭುಲಿಂಗ ಕಾದ.

ಅಡುಗೆ ಮನೆಯಿಂದ ಸದ್ದಿರಲಿಲ್ಲ. ದೇವೀರಮ್ಮ ಬಾಗಿಲಲ್ಲಿ ಇಣುಕಿದಳು. ಎಲೆ ನೋಡಿದಳು, ಅವನನ್ನು ನೋಡಿದಳು.

"ಅಯ್ಯೋ, ಇನ್ನೂ ಅಕ್ಕಿ ಆರಿಸ್ತಾ ಇದೀನಿ ಕಣಪ್ಪಾ" ಎಂದು ಒಳಗೆ ಹೋದಳು.

"ಅನ್ನ ಆಗಿಲ್ವಂತೆ ಬುದ್ಧಿ."

"ಎಲೆ ಹಾಕಿದೆಯಲ್ಲ."

ಫ್ಯಾನಿನ ಗಾಳಿಗೆ ಎಲೆಯ ಮೇಲಿನ ನೀರು ಆರಿತು. ಗುರುಗಳು ಮೊಣಕಾಲಿಗೆ ಕೈಕೊಟ್ಟು ನಿಧಾನವಾಗಿ ಎದ್ದರು. ಚೊಂಬು ತಂದು ಮತ್ತೆ ನೀರು ಚಿಮುಕಿಸಿದರು. ಎಡದಿಂದ ಬಲಕ್ಕೆ. ಎಲೆ ಒಮ್ಮೆ ಮಿಂಚಿತು. ಹೋಗಿ ಕೂತರು.

ಶಂಭುಲಿಂಗನಿಗೆ ಅರ್ಥವಾಯಿತು. ಅರ್ಥವಾದರೆ ಸಾಕು, ಎಬ್ಬಿಸುತ್ತಾರೆ ಎಂದುಕೊಂಡ.

ಎಬ್ಬಿಸಲಿಲ್ಲ.

ನೀರು ಆರಿತು. ಗುರುಗಳು ಮತ್ತೆ ಎದ್ದರು, ಮತ್ತೆ ಚಿಮುಕಿಸಿದರು. ಏಳುವಾಗ ಅವರ ಮೊಣಕಾಲು ಲಟಕ್ಕೆಂದಿತು.

"ನೀವು ಕೂತ್ಕೊಳ್ಳಿ ಬುದ್ಧಿ. ನನಗೆ ಗೊತ್ತಾಯ್ತು."

"ಏನು ಗೊತ್ತಾಯ್ತು?"

"ನಾನು ಮಾಡಿದ್ದು ತಪ್ಪು ಅಂತ."

"ಹೌದಾ" ಎಂದು ಅವರು ಕಂಬಕ್ಕೆ ಒರಗಿದರು. ಅಷ್ಟೇ.

ಕಾಲು ಜೋಮು ಹಿಡಿಯಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಎಲೆ ಕಂಡ ಹೊಟ್ಟೆ ಸುಮ್ಮನಿರಲಿಲ್ಲ. ಎಲೆಯ ಮುಂದೆ ಕೂತವನು ಅರ್ಧಕ್ಕೆ ಏಳಕೂಡದು, ಬಡಿಸುವವರಿಗೆ ಅವಮಾನ ಎಂದು ಅವನ ಅಜ್ಜಿ ಕಲಿಸಿದ್ದಳು. ತಪ್ಪು ಗೊತ್ತಾದ ಮೇಲೂ ಹಸಿವು ಹಸಿವೇ. ಅಡುಗೆ ಮನೆಯಲ್ಲಿ ಪಾತ್ರೆ ಸದ್ದಾದಾಗಲೆಲ್ಲ ಅವನ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಅನ್ನ ಇಲ್ಲ ಎಂದು ಗೊತ್ತಿದ್ದೂ ಹೋಗುತ್ತಿತ್ತು.

ಯಾವಾಗ ನೆಕ್ಕಿದನೋ ಅವನಿಗೇ ತಿಳಿಯದು, ಎಲೆಯ ತುದಿಯ ಉಪ್ಪು ಮುಗಿದಿತ್ತು.

ಗುರುಗಳು ಐದನೇ ಸಲ ಚೊಂಬು ಹಿಡಿದು ಬಂದಾಗ ಅವನಿಗೆ ತಡೆಯಲಾಗಲಿಲ್ಲ.

"ಇಲ್ಲ ಅಂದ್ರೆ ಇಲ್ಲ ಅಂತ ಹೇಳಿಬಿಡಿ ಬುದ್ಧಿ! ಎದ್ದಾದರೂ ಹೋಗ್ತೀನಿ!"

ದನಿ ಅವನಿಗೆ ಬೇಕಾದದ್ದಕ್ಕಿಂತ ಜೋರಾಗಿ ಬಂತು. ಖಾಲಿ ಕೋಣೆಯಲ್ಲಿ ಅದು ಅವನಿಗೇ ಮರಳಿ ಕೇಳಿಸಿತು.

ನಿರ್ವಾಣಯ್ಯನವರು ಚೊಂಬು ಕೆಳಗಿಟ್ಟರು.

ಶಂಭುಲಿಂಗ ತಲೆ ತಗ್ಗಿಸಿದ.

"ನೀವು ಊಟ ಬಿಡ್ತಿದ್ರಿ" ಎಂದ. "ಅದಕ್ಕೇ ಮಾಡಿದೆ. ಇಲ್ಲ ಅಂದಾಗಲೆಲ್ಲ ಬಿಡ್ತಿದ್ರಿ. ನನಗೆ ನೋಡೋಕಾಗ್ಲಿಲ್ಲ."

"ನನ್ನ ಊಟಕ್ಕೆ ಆ ತಾಯಿಯ ಮೂರು ದಿನ ಕೊಟ್ಟೆಯಾ?"

ಶಂಭುಲಿಂಗ ಎಲೆಯ ಸುರುಳಿಗಟ್ಟಿದ ಅಂಚನ್ನು ಬೆರಳಿನಿಂದ ನೇರ ಮಾಡಿದ.

ತಲೆ ಎತ್ತದೆಯೇ ಕೇಳಿದ. "ಯಾಕೆ ಬಿಡ್ತಿದ್ರಿ ಬುದ್ಧಿ? ವ್ರತವಾ?"

ನಿರ್ವಾಣಯ್ಯನವರು ನಕ್ಕರು. ಆ ನಗುವಿನಲ್ಲೂ ಸುಸ್ತಿತ್ತು.

"ವ್ರತವೂ ಇಲ್ಲ, ಎಂಥದೂ ಇಲ್ಲ. ಇಲ್ಲ ಅಂದ ತಕ್ಷಣ ಅವರು ಎದ್ದು ಹೋಗ್ತಾರೆ. ಹಸಿದೇ ಹೋಗ್ತಾರೆ. ಆಮೇಲೆ ಒಬ್ಬನೇ ಕೂತು ತಿನ್ನೋಕೆ ಆಗಲ್ಲ ಕಣೋ. ಅಷ್ಟೇ."

"ಹೇಳ್ತಾ ಹೇಳ್ತಾ ಅಭ್ಯಾಸ ಆಗಲ್ವಾ?"

"ಮೂವತ್ತು ವರ್ಷ ಆಯ್ತು. ಆಗಿಲ್ಲ."

ಶಂಭುಲಿಂಗ ಎದ್ದ. ಎಲೆಗೆ ಕೈಮುಗಿದು ಎದ್ದ. ಜೋಮು ಹಿಡಿದ ಕಾಲು ಎಳೆದುಕೊಂಡು ಜಗಲಿಗೆ ಹೋದ. ಗುರುಗಳು ಬರಲಿಲ್ಲ.

ಹನುಮಕ್ಕ ಇದ್ದ ಹಾಗೇ ಕೂತಿದ್ದಳು. ಅವನು ಅವಳ ಎದುರು ನೆಲದ ಮೇಲೆ ಕೂತ.

"ಅಕ್ಕಾ."

"ಬಂದ್ನಾ?"

"ಇಲ್ಲಕ್ಕ. ನಿಮ್ಮ ತಮ್ಮ ಇಲ್ಲಿಲ್ಲ."

ಅವಳು ಮೊಬೈಲ್ ನೋಡಿದಳು, ಅವನನ್ನು ನೋಡಿದಳು. "ಬತ್ತಾ ಅವ್ನಲ್ಲ?"

"ಅದು ಬರೋದಲ್ಲಕ್ಕ. ನಾನು ಮಾಡಿದ ಚಿತ್ರ ಅದು. ಯಾರೂ ಇಲ್ಲದಿದ್ರೂ ಹಾಗೇ ಮಿನುಗ್ತಾ ಇರುತ್ತೆ. ಇಲ್ಲ ಅಂತ ಬರೀಬೇಕಾಗಿತ್ತು. ನಾನು ಬರೀಲಿಲ್ಲ. ತಪ್ಪು ನಂದು."

ಹನುಮಕ್ಕ ಮೊಬೈಲನ್ನು ಮಡಿಲಿಗಿಟ್ಟಳು. ಬೂದು ಮುಖದ ಮೇಲೆ ಬೆಳಕು ಎಡದಿಂದ ಬಲಕ್ಕೆ ಹಾಯುತ್ತಲೇ ಇತ್ತು.

"ಇದ್ನ ಮಾತಾಡ್ಸಿವ್ನಿ" ಎಂದಳು ಕೊನೆಗೆ. "ತಿಪ್ಪೇಶಾ, ಬಾರಪ್ಪಾ, ಬಯ್ಯಾಕಿಲ್ಲ ಬಾರಪ್ಪಾ ಅಂತ. ಮೂರ್ ದಿನ. ನಿನ್ ಕೈ ಸೇದೋಗ."

ಅವನು ಅಲ್ಲಾಡಲಿಲ್ಲ. ಅವಳು ಬೈದಳು. ಅವನ ಓದನ್ನು ಬೈದಳು, ಕಂಪ್ಯೂಟರನ್ನು ಬೈದಳು, ಮನೆ ಬಿಟ್ಟು ಹೋದ ತಮ್ಮನನ್ನು ಬೈದಳು. ಬೈಯುತ್ತ ಬೈಯುತ್ತ ಅತ್ತಳು. ಅವನು ಎದ್ದು ಹೋಗಲಿಲ್ಲ. ಸಮಾಧಾನದ ಮಾತನ್ನೂ ಆಡಲಿಲ್ಲ.

ಅತ್ತು ಮುಗಿದ ಮೇಲೆ ಅವಳು ಮೂಗು ಒರೆಸಿಕೊಂಡಳು.

"ಘಾಟಿ ಕಡೆ ಬಸ್ಸು ಎಷ್ಟೊತ್ತಿಗೆ?"

"ಎರಡೂವರೆಗೆ. ಸೇತುವೆ ಹತ್ರ ನಿಲ್ಲುತ್ತೆ. ನಾನೂ ಬರ್ತೀನಕ್ಕ."

"ನೀನ್ಯಾಕೆ?"

"ಅಲ್ಲೂ ಇಲ್ಲ ಅಂದ್ರೆ ಒಬ್ಬರೇ ಕೇಳಿಸ್ಕೋಬೇಕಾಗುತ್ತೆ."

ಅವಳು ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು. ಮುಖ ತೊಳೆಯಲು ನಲ್ಲಿಯ ಕಡೆ ಹೋದಳು.

ಶಂಭುಲಿಂಗ ಕಂಪ್ಯೂಟರಿನ ಮುಂದೆ ಕೂತ. ಅಂದು ಮಧ್ಯಾಹ್ನವೆಲ್ಲ ಬರೆದು ಅಳಿಸಿದ ಮಾತನ್ನು ಈಗ ಒಂದೇ ಸಲಕ್ಕೆ ಬರೆದ. "ಇಲ್ಲಿಲ್ಲ." ಅದರ ಕೆಳಗೆ ಒಂದು ಫೋನ್ ನಂಬರ್ ಹಾಕಿದ. ಗುರುಗಳದ್ದಲ್ಲ, ತನ್ನದು.

ಬಳಿಕ ಹುಡುಕಿದವರ ಪಟ್ಟಿ ತೆರೆದ. ಒಂದೊಂದೇ ಹೆಸರು ಎಣಿಸಿ ಎದ್ದ.

ಊಟದ ಕೋಣೆಯಲ್ಲಿ ನಿರ್ವಾಣಯ್ಯನವರು ಕಂಬಕ್ಕೆ ಒರಗಿದಂತೆಯೇ ಕಣ್ಣು ಮುಚ್ಚಿದ್ದರು.

"ಬುದ್ಧಿ, ಆ ಬೂದು ಮುಖ ನೋಡ್ಕೊಂಡು ಇನ್ನೂ ಹದಿನೇಳು ಜನ ಕೂತಿದ್ದಾರೆ."

ಅವರು ಕಣ್ಣು ತೆರೆದರು. "ನಂಬರು ಇವೆಯಾ?"

"ಇವೆ."

"ಯಾರು ಫೋನ್ ಮಾಡ್ತಾರೆ?"

"ನಾನೇ. ಬಸ್ಸಲ್ಲಿ ಕೂತು ಒಬ್ಬೊಬ್ಬರಿಗೂ ಮಾಡ್ತೀನಿ."

ಗುರುಗಳು ತಲೆಯಾಡಿಸಿದರು.

"ಬಸಿದಾಯ್ತು!" ಎಂದು ಒಳಗಿನಿಂದ ದೇವೀರಮ್ಮ ಕೂಗಿದಳು. ಉಳಿದವರು ಹೊರಗೆ ಇನ್ನೂ ಕೈ ತೊಳೆಯುತ್ತಿದ್ದರು.

ಬಿಸಿ ಗಂಜಿಯ ವಾಸನೆ ಕೋಣೆಗೆ ಬಂತು. ಅಷ್ಟು ಹೊತ್ತು ಹಸಿದಿದ್ದ ಶಂಭುಲಿಂಗನಿಗೆ ಈಗ ಅದು ಬೇಡವಾಗಿತ್ತು. ಬಾಯಲ್ಲಿ ಇನ್ನೂ ಆ ಒಂದು ಮಾತಿನ ಕಹಿ ಇತ್ತು. ಗುರುಗಳು ಮೂವತ್ತು ವರ್ಷ ಊಟ ಬಿಟ್ಟದ್ದು ಹೀಗೇ ಇರಬೇಕು ಎಂದುಕೊಂಡ.

"ನೀವು ಊಟ ಮಾಡಿ ಬುದ್ಧಿ. ಇವತ್ತು ನನಗೆ ಸೇರಲ್ಲ."

ಅಷ್ಟರಲ್ಲಿ ಹನುಮಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. ಹೋಗಿ ಬರುತ್ತೇನೆಂದು ಹೇಳಲು ಬಂದವಳ ಕಣ್ಣು, ನೀರಾರಿ ಅಂಚು ಸುರುಳಿಗಟ್ಟಿದ ಆ ಒಂಟಿ ಎಲೆಯ ಮೇಲೆ ನಿಂತಿತು.

"ಇದ್ಯಾರ್ದು ಈ ಎಲೆ? ಉಣ್ದಂಗೆ ಎದ್ದೋಗವ್ರೆ?"

"ನಂದು ಅಕ್ಕ" ಎಂದ ಶಂಭುಲಿಂಗ.

"ಉಣ್ಣಲಿಲ್ವಾ?"

"ಇಲ್ಲ."

ಹನುಮಕ್ಕ ಅವನ ಮುಖ ನೋಡಿದಳು, ಗುರುಗಳ ಮುಖ ನೋಡಿದಳು. ಚೀಲವನ್ನು ಗೋಡೆಗೆ ಒರಗಿಸಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರೂ ಕರೆಯದೆಯೇ ಗೋಡೆ ಬದಿಗೆ ಕೂತಳು.

"ನಾನೂ ಮೂರ್ ದಿನದಿಂದ ನೆಟ್ಟಗೆ ಉಂಡಿಲ್ಲ" ಎಂದಳು. "ಬಸ್ಸಿಗೆ ಇನ್ನೂ ಹೊತ್ತೈತಲ್ಲ."

ನಿರ್ವಾಣಯ್ಯನವರು ಗೋಡೆ ಹಿಡಿದು ಎದ್ದರು. ನಿಧಾನವಾಗಿ ನಡೆದು ಬಂದು, ಅವಳಿಂದ ಒಂದು ಎಲೆಯಷ್ಟು ಜಾಗ ಬಿಟ್ಟು, ಕಾಲು ಮಡಚಿ ಕೂತರು. ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ದೇವೀರಮ್ಮ ನಿಂತಲ್ಲೇ ನಿಂತಳು.

"ಆ ಒಣಗಿದ್ದನ್ನ ಹಸುವಿಗೆ ಹಾಕು ಶಂಭು" ಎಂದರು ಗುರುಗಳು. "ಹಾಕಿ ಬಂದು, ಮೂರು ಎಲೆ ಹಾಕು."